ಗಾಡಿ ಬಿಡುವ ಜಾಗದಲ್ಲಿ ಲಗಮಣ್ಣ

ಮುನವಳ್ಳಿಯಿಂದ ಸವದತ್ತಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಡೆದರೆ ಕರಿಮಡ್ಡಿ ಎನ್ನುವ ಊರು ಸಿಗುತ್ತಿತ್ತು. ಆ ಊರಿನ ಹೊರಗೆ, ಕೇರಿಯ ಕೊನೆಯ ಮನೆಯಲ್ಲಿ ಲಗಮಣ್ಣ ಒಬ್ಬನೇ ಇದ್ದ. ಚರ್ಮದ ಹಲಗಿ ಬಾರಿಸುವುದು ಅವನ ಪಾಲಿಗೆ ಬಂದ ಕೆಲಸ. ಅವನ ಅಪ್ಪ ಜಟ್ಟೆಪ್ಪನೂ ಅದನ್ನೇ ಮಾಡಿದ್ದ. ಊರಲ್ಲಿ ಹೆಣ ಎತ್ತುವಾಗ, ಲಗ್ನದ ಮೆರವಣಿಗೆ ಹೊರಡುವಾಗ, ಪಂಚಾಯಿತಿಯವರು ಡಂಗುರ ಸಾರಿಸುವಾಗ ಅವನಿಗೆ ಕರೆ ಬರುತ್ತಿತ್ತು. ಹೋಗಿ ಬಾರಿಸಿ, ಕೊಟ್ಟ ಜೋಳವನ್ನು ಧೋತರದ ಅಂಚಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ.

ಹೆಂಡತಿ ಕೃಷ್ಣವ್ವ ಜ್ವರ ಬಂದು ಐದೇ ದಿನದಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತನಾಲ್ಕು ವರ್ಷ. ಅವಳ ಹೆಣದ ಮುಂದೆ ಬೇರೆಯವರು ಹಲಗಿ ಬಾರಿಸಿದರು. ಬರಿಗೈಯಲ್ಲಿ ಹೆಣದ ಹಿಂದೆ ನಡೆಯುವುದು ಎಷ್ಟು ಕಷ್ಟ ಎಂದು ಅವತ್ತು ಅವನಿಗೆ ಗೊತ್ತಾಯಿತು. ಮರುವರ್ಷ ಒಬ್ಬಳೇ ಮಗಳು ಸುಂದರವ್ವನನ್ನು ರಾಮದುರ್ಗದಲ್ಲಿ ಮಗ್ಗ ನೇಯುವ ಹುಡುಗನಿಗೆ ಕೊಟ್ಟು ಲಗ್ನ ಮಾಡಿದ. ಆಮೇಲೆ ಮನೆಯಲ್ಲಿ ಮಾತಾಡಲು ಯಾರೂ ಉಳಿಯಲಿಲ್ಲ. ಒಂದೊಂದು ದಿನ ಹೊತ್ತು ಮುಳುಗುವಾಗ, ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂಬುದು ನೆನಪಾಗುತ್ತಿತ್ತು. ಆಗ ಗಂಟಲು ಇದೆಯೋ ಇಲ್ಲವೋ ನೋಡಿಕೊಳ್ಳುವವನ ಹಾಗೆ ಒಮ್ಮೆ ಕೆಮ್ಮುತ್ತಿದ್ದ.

೧೯೭೧ರ ಬೇಸಿಗೆಯಲ್ಲಿ ಸವದತ್ತಿಯ ಹೊರಬಯಲಿನಲ್ಲಿ ಕುದುರೆ ಗಾಡಿಗಳ ಶರ್ಯತ್ತು ನಡೆಯಿತು. ಎರಡು ಗಾಲಿಯ ಹಗುರ ಗಾಡಿ, ಒಂದೇ ಕುದುರೆ, ಹೊಡೆಯುವವನು ಒಬ್ಬನೇ. ಒಂದು ಕಡೆ ಬಿಟ್ಟರೆ ಮೂರು ಮೈಲಿ ಆಚೆ ಹೋಗಿ ಮುಟ್ಟಬೇಕು. ಬಿಡುವ ಜಾಗದಲ್ಲಿ ಹತ್ತಾರು ಹಲಗಿ ಒಟ್ಟಿಗೆ ಬಡಿದರೆ ಕುದುರೆಗೆ ಹುರುಪು ಬರುತ್ತದೆ ಎಂದು ಆ ಸೀಮೆಯಲ್ಲಿ ಎಲ್ಲರೂ ನಂಬಿದ್ದರು. ಲಗಮಣ್ಣನೂ ನಂಬಿದ್ದ. ಅವತ್ತು ಅವನು ನಿಂತದ್ದು ಒಂದು ಬಿಳಿ ಕುದುರೆಯಿಂದ ಮೂರು ಮಾರು ದೂರದಲ್ಲಿ. ಬಾರಿಸುತ್ತ ಬಾರಿಸುತ್ತ ಅದರ ಕಣ್ಣು ನೋಡಿದ. ಕರಿಗುಡ್ಡೆ ಒಂದು ಮೂಲೆಗೆ ಸರಿದು ಬಿಳಿ ಮಾತ್ರ ಕಾಣುತ್ತಿತ್ತು. ಮೈಮೇಲಿನ ಚರ್ಮ ನೀರಿನ ಮೇಲೆ ಗಾಳಿ ಹಾದ ಹಾಗೆ ನಡುಗುತ್ತಿತ್ತು. ಹಿಂದಿನಿಂದ ಯಾರೋ "ಜೋರ್ ಬಾರಸಲೇ!" ಎಂದರು. ಅವನು ಜೋರಾಗಿ ಬಾರಿಸಿದ.

ನಿಶಾನೆಯ ಬಾವುಟ ಬೀಳುವ ಮೊದಲೇ ಆ ಕುದುರೆ ಹಿಂಗಾಲ ಮೇಲೆ ಎದ್ದಿತು. ಪಕ್ಕಕ್ಕೆ ನೆಗೆದು, ಗಾಡಿಯ ಸಮೇತ ಕಲ್ಲು ತೆಗೆದ ತಗ್ಗಿಗೆ ಬಿತ್ತು. ಹೊಡೆಯುವವನು ಹೇಗೋ ಉಳಿದ. ಕುದುರೆಯ ಮುಂಗಾಲು ಮುರಿದಿತ್ತು, ಅದು ಮತ್ತೆ ಏಳಲಿಲ್ಲ. ಉಳಿದ ಹಲಗಿಗಳೆಲ್ಲ ನಿಂತ ಮೇಲೂ ಲಗಮಣ್ಣನ ಕೈ ಎರಡು ಏಟು ಹೆಚ್ಚಿಗೆ ಹೊಡೆದಿತ್ತು. ಆ ಎರಡು ಏಟು ಬಯಲಿನಲ್ಲಿ ಎಲ್ಲರಿಗೂ ಕೇಳಿಸಿತು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಬಹಳ ದಿನ ಅನ್ನಿಸಿತು.

ಅದೇ ವರ್ಷ ಚಳಿಗಾಲದಲ್ಲಿ ಕರಿಮಡ್ಡಿಯ ನಿಜಗುಣಪ್ಪ ಸಾಹುಕಾರ ಪಂಢರಪುರದ ಕಡೆಯಿಂದ ಒಂದು ಹೆಣ್ಣು ಕುದುರೆ ತಂದ. ಹತ್ತಿ ವ್ಯಾಪಾರ, ಎಂಬತ್ತು ಎಕರೆ ಎರೆಭೂಮಿ, ಊರಲ್ಲಿ ದೊಡ್ಡ ವಾಡೆ ಇದ್ದ ಮನುಷ್ಯ. ಕುದುರೆಗೆ ಸಾರಂಗಿ ಎಂದು ಹೆಸರಿಟ್ಟ. ಕೆಂಪು ಮೈ, ಹಣೆಯ ಮೇಲೆ ಬೆರಳಗಲದ ಬಿಳಿ. ಊರ ಹಾದಿಯಲ್ಲಿ ಬಿಟ್ಟರೆ ಅವಳ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ. ಆದರೆ ಶರ್ಯತ್ತಿಗೆ ಒಯ್ದರೆ ಮುಗಿಯಿತು. ಮುನವಳ್ಳಿಯಲ್ಲಿ ನಿಶಾನೆ ಬೀಳುವ ಮೊದಲೇ ಬೆವತು ನೊರೆ ಬಿಟ್ಟು, ನಿಂತಲ್ಲೇ ಗರಗರ ತಿರುಗಿದಳು. ಎರಡನೆಯ ಸಲ ಇನ್ನೊಂದು ಕಡೆಯೂ ಅದೇ ಆಯಿತು. ಜನ ನಕ್ಕರು. ಸಾಹುಕಾರ ಮನೆಗೆ ಬಂದು ಚಾಬೂಕು ಮೂಲೆಗೆ ಎಸೆದ.

ಮರುದಿನ ಲಗಮಣ್ಣ ವಾಡೆಯ ಹಿಂಬಾಗಿಲಿಗೆ ಹೋಗಿ, ಹತ್ತು ಹೆಜ್ಜೆ ದೂರದಲ್ಲಿ ನಿಂತ.

"ಸಾವಕಾರ್ರ, ಒಂದ ಮಾತ ಹೇಳಲೇನ್ರಿ?"

"ಏನೋ ಲಗಮ್ಯಾ?"

"ಕುದುರಿದು ತಪ್ಪಿಲ್ರಿ. ಆಕಿ ಹಲಗಿಗೆ ಹೆದರತಾಳ್ರಿ."

"ಹೆದರಿದ್ರ ಏನ ಮಾಡೂದು? ಹಲಗಿ ಇಲ್ಲದ ಶರ್ಯತ್ತ ಎಲ್ಲೈತಿ?"

"ಅದಕ್ಕ ಬಂದೇನ್ರಿ. ನಾ ದಿನಾ ಬಂದ ಆಕಿ ಮುಂದ ಬಾರಸತೇನ್ರಿ. ಸಾವಕಾಶ, ಸಣ್ಣಗ. ಎರಡ ತಿಂಗಳ ನೋಡ್ರಿ."

ಸಾಹುಕಾರ ನಕ್ಕುಬಿಟ್ಟ. "ಹೆದರಸಾಂವನ ವೈದ್ಯ ಮಾಡಾಂವ ಆದ ನೋಡು! ಆಗಲಿ, ಮಾಡು. ಕುದುರಿ ಕೆಡಿಸಿದಿ ಅಂದ್ರ ಮಾತ್ರ ಊರಾಗ ನಿಲ್ಲಗೊಡಾಂವಲ್ಲ."

ಹಲಗಿಯನ್ನು ಬಾರಿಸುವ ಮೊದಲು ಜೋಳದ ಕಣಿಕೆಯ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾದರೆ ಚರ್ಮ ಬಿಗಿದು ದನಿ ಸಿಡಿಯುತ್ತದೆ. ಲಗಮಣ್ಣ ಕಾಯಿಸಲಿಲ್ಲ. ತಣ್ಣನೆಯ ಸಡಿಲ ಹಲಗಿಯ ಮೇಲೆ ಕಂಬಳಿ ಹೊದಿಸಿ, ಕುದುರೆ ಕಟ್ಟುವ ತಬೇಲಾದಿಂದ ಎಂಬತ್ತು ಹೆಜ್ಜೆ ದೂರದ ಹುಣಸೆಮರದ ಕೆಳಗೆ ಕುಳಿತ. ಸಾರಂಗಿಯ ಮುಂದೆ ಹುರುಳಿ ಇಟ್ಟಾಗ ಬೆರಳಿನಿಂದ ತಟ್ಟಿದ. ಅವಳು ತಲೆ ಎತ್ತಿದರೆ ನಿಲ್ಲಿಸಿದ. ಬಾಯಿ ಹುರುಳಿಗೆ ಹಾಕಿದರೆ ಮತ್ತೆ ತಟ್ಟಿದ. ಹತ್ತು ದಿನ ಇಷ್ಟೇ. ನೋಡಲು ಬಂದವರು ಬೇಸತ್ತು ಬರುವುದನ್ನೇ ಬಿಟ್ಟರು. ಆಮೇಲೆ ದಿನಕ್ಕೆ ಮೂರು ಹೆಜ್ಜೆಯಂತೆ ಹತ್ತಿರ ಬಂದ. ಕಂಬಳಿ ತೆಗೆದ. ಬೆರಳು ಬಿಟ್ಟು ಕಡ್ಡಿ ಹಿಡಿದ. ತಿಂಗಳು ಕಳೆದ ಮೇಲೆ ಹಲಗಿಯನ್ನು ಸ್ವಲ್ಪ ಬಿಸಿಲಿಗಿಟ್ಟ.

ಒಂದು ದಿನ, ಇಪ್ಪತ್ತು ಹೆಜ್ಜೆ ಹತ್ತಿರ ಬಂದಿದ್ದಾಗ, ಆ ಸವದತ್ತಿಯ ಬಿಳಿ ಕುದುರೆ ಅವನ ಕಣ್ಣಿಗೆ ಕಟ್ಟಿತು. ಕೈ ಮೊದಲಿನಂತೆಯೇ ಮೆಲ್ಲಗೆ ಬಾರಿಸುತ್ತಿತ್ತು, ಉಸಿರು ಮಾತ್ರ ಬಿರುಸಾಯಿತು. ಸಾರಂಗಿ ತಿನ್ನುವುದನ್ನು ಬಿಟ್ಟು ಕಿವಿ ಎತ್ತಿ ಅವನನ್ನೇ ನೋಡಿದಳು. ಅವನು ಹಲಗಿ ಕೆಳಗಿಟ್ಟು, ಹೊಟ್ಟೆಯ ತನಕ ಉಸಿರೆಳೆದು ನಿಧಾನವಾಗಿ ಬಿಟ್ಟ. ನಾಲ್ಕೈದು ಸಲ ಹಾಗೆ ಮಾಡಿದ. ಅವಳ ಕಿವಿ ಸಡಿಲವಾಯಿತು, ತಲೆ ಬಗ್ಗಿಸಿ ಮತ್ತೆ ಹುರುಳಿಗೆ ಬಾಯಿ ಹಾಕಿದಳು. ಹೆದರಿಕೆ ಬರೀ ಹಲಗಿಯಿಂದ ಬರುವುದಿಲ್ಲ, ಪಕ್ಕದಲ್ಲಿ ನಿಂತ ಮನುಷ್ಯನಿಂದಲೂ ಬರುತ್ತದೆ ಎನ್ನುವುದು ಅವನಿಗೆ ಆಗ ತಿಳಿಯಿತು. ಅಂದಿನಿಂದ ಅವಳ ಹತ್ತಿರ ಹೋಗುವ ಮೊದಲು ಊರ ಅಗಸಿಬಾಗಿಲಲ್ಲಿ ಒಂದು ಗಳಿಗೆ ನಿಂತು, ತನ್ನ ಉಸಿರು ನೆಟ್ಟಗಿದೆಯೇ ಎಂದು ನೋಡಿಕೊಂಡೇ ಹೋಗುತ್ತಿದ್ದ.

ಸಾಹುಕಾರನ ಗಾಡಿ ಹೊಡೆಯುವ ಶಟ್ಟೆಪ್ಪನಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ಶಟ್ಟೆಪ್ಪ ಒಳ್ಳೆಯವನು, ಆದರೆ ಶರ್ಯತ್ತು ಹತ್ತಿರ ಬಂದರೆ ಅವನಿಗೆ ಗಾಬರಿಯಾಗುತ್ತಿತ್ತು. ಲಗಾಮನ್ನು ಜಗ್ಗಿ ಹಿಡಿಯುತ್ತಿದ್ದ.

"ಶಟ್ಟೆಪ್ಪಣ್ಣಾರ, ಲಗಾಮ ಹಿಡಿಯೂ ಮದಲ ಒಂದ ಸಲ ಉಸರ ಬಿಡ್ರಿ," ಎಂದ ಲಗಮಣ್ಣ.

"ನಾ ಏನ ಉಸರ ಹಿಡಕೊಂಡ ಕುಂತೇನೇನೋ?"

"ಹೌದ್ರಿ. ನೀವು ಹಿಡಕೊಂಡ್ರ ಆಕಿನೂ ಹಿಡಕೋತಾಳ್ರಿ."

ಶಟ್ಟೆಪ್ಪ ಸಿಟ್ಟು ಮಾಡಿಕೊಳ್ಳಬೇಕೆಂದವನು, ತನ್ನ ಕೈ ನೋಡಿಕೊಂಡು ಲಗಾಮು ಸಡಿಲಬಿಟ್ಟ.

೧೯೭೩ರ ಬೇಸಿಗೆಯಲ್ಲಿ ದೇಗಾಂವದ ಹತ್ತಿರ ಗಾಡಿ ಬಿಟ್ಟು ಕಿತ್ತೂರು ಮುಟ್ಟುವ ಶರ್ಯತ್ತಿತ್ತು. ಲಗಮಣ್ಣ ಒಂದು ದಿನ ಮೊದಲೇ ಸಾರಂಗಿಯನ್ನು ಆ ಜಾಗಕ್ಕೆ ನಡೆಸಿಕೊಂಡು ಹೋದ. ಖಾಲಿ ಬಯಲನ್ನೂ, ಹಾದಿಯ ಕಲ್ಲನ್ನೂ, ದಂಡೆಯ ಜಾಲಿಗಿಡವನ್ನೂ ಅವಳು ಮೂಸಿ ನೋಡಲಿ ಎಂದು ಬಿಟ್ಟ. ಮರುದಿನ ಜನ ಸೇರಿದಾಗ ಅವಳನ್ನು ಉಳಿದ ಗಾಡಿಗಳ ಸಾಲಿನಿಂದ ದೂರ, ಬರೀ ಹೊಲ ಕಾಣುವ ಹಾಗೆ ಮುಖ ತಿರುಗಿಸಿ ನಿಲ್ಲಿಸಿದ. ಗುಲಾಲು ಎರಚಲು ಬಂದವರನ್ನು, ಕೊರಳಿಗೆ ಹಾರ ಹಾಕಲು ಬಂದವರನ್ನು ಕೈ ಮುಗಿದು ಹಿಂದೆ ಕಳಿಸಿದ. "ಆಮ್ಯಾಲ ಹಾಕ್ರಿ, ಆಮ್ಯಾಲ" ಎನ್ನುವುದೊಂದೇ ಮಾತು. ಎಲ್ಲರಿಗಿಂತ ಕೊನೆಗೆ ಅವಳನ್ನು ಗೆರೆಗೆ ತಂದು, ಎಡಭುಜದ ಬಳಿ ನಿಂತು, ಜೂಲಿನ ಬುಡದಲ್ಲಿ ಅಂಗೈ ಇಟ್ಟ.

ಹದಿನಾರು ಹಲಗಿ ಒಮ್ಮೆಲೇ ಎದ್ದವು. ಸಾರಂಗಿ ಕಿವಿ ನಿಮಿರಿಸಿದಳು. ತಲೆ ಬಗ್ಗಿಸಿ ನೆಲ ಮೂಸಿ, ಆಚೆ ಈಚೆ ನೋಡಿದಳು. ಹಲಗಿ ಕೇಳಿತಲ್ಲ, ಹುರುಳಿ ಎಲ್ಲಿ ಎಂದು ಹುಡುಕುತ್ತಿದ್ದಾಳೆ ಎಂದು ಲಗಮಣ್ಣನಿಗೆ ತಿಳಿದು, ಎಷ್ಟೋ ವರ್ಷದ ಮೇಲೆ ಅವನು ಬಾಯಿ ತುಂಬ ನಕ್ಕ. ಮೇಲೆ ಗಾಡಿಯಲ್ಲಿ ಶಟ್ಟೆಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ನಿಶಾನೆ ಬಿತ್ತು. ಅವನು ಕೈ ತೆಗೆದ.

ಧೂಳು ಎದ್ದಿತು. ಜನ ಸೈಕಲ್ ಹತ್ತಿದರು, ಲಾರಿ ಹತ್ತಿದರು, ಕೂಗುತ್ತ ಗಾಡಿಗಳ ಹಿಂದೆ ಓಡಿದರು. ಹಲಗಿಯವರೂ ಹೋದರು. ಸ್ವಲ್ಪ ಹೊತ್ತಿನಲ್ಲಿ ಆ ಬಯಲಿನಲ್ಲಿ ಲಗಮಣ್ಣ ಒಬ್ಬನೇ ಉಳಿದ. ಚೆಲ್ಲಿದ ನೀರು, ಲದ್ದಿ, ತುಳಿದ ಚೆಂಡುಹೂ. ಧೂಳು ಕೂತ ಮೇಲೆ ದೂರದ ಕೂಗೂ ಕೇಳಿಸಲಿಲ್ಲ. ಹೆಗಲಿಗೆ ಕಂಬಳಿ ಹಾಕಿಕೊಂಡು ಕಿತ್ತೂರಿಗೆ ನಡೆದ. ಅವನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾರಂಗಿ ಎಲ್ಲರಿಗಿಂತ ಮುಂದೆ ಬಂದಿದ್ದಳಂತೆ. ಅವಳು ಎಷ್ಟು ಅಂತರದಲ್ಲಿ ಗೆದ್ದಳು, ಕೊನೆಯ ತಿರುವಿನಲ್ಲಿ ಹೇಗೆ ಹೊರಳಿದಳು ಎನ್ನುವುದನ್ನು ಲಗಮಣ್ಣ ಬೇರೆಯವರ ಬಾಯಿಂದ ಕೇಳಿದ. ಊಟಕ್ಕೆ ಉಳಿದವರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಅವನಿಗೆ ಗಾಡಿ ನಿಲ್ಲಿಸಿದ ಹಿತ್ತಲಲ್ಲಿ ಎಲೆಯ ಮೇಲೆ ಹುಗ್ಗಿ ಬಡಿಸಿ ಹೋದರು. ಸಾರಂಗಿಯ ಕಾಲ ಬಳಿ ಕೂತು ಉಂಡ.

ಮುಂದಿನ ಎರಡು ವರ್ಷ ಬೈಲಹೊಂಗಲ, ಸವದತ್ತಿ, ಎಲ್ಲಿ ಶರ್ಯತ್ತಿದ್ದರೂ ಸಾರಂಗಿ ಓಡಿದಳು. ಬೇರೆ ಮಾಲೀಕರೂ ಲಗಮಣ್ಣನನ್ನು ಕರೆಸತೊಡಗಿದರು. ಒಬ್ಬರ ಕುದುರೆಗೆ ಒಂಟಿಯಾಗಿ ನಿಲ್ಲಲು ಆಗುತ್ತಿರಲಿಲ್ಲ, ಅದರ ಜೊತೆ ಒಂದು ಆಡು ಕಟ್ಟಿಸಿದ. ಇನ್ನೊಬ್ಬರದು ಪಕ್ಕದ ಗಾಡಿ ಕಂಡರೆ ಕಚ್ಚಲು ಹೋಗುತ್ತಿತ್ತು, ಅದಕ್ಕೆ ಕಣ್ಣುಪಟ್ಟಿ ಹೊಲಿಸಿಕೊಟ್ಟ. ಅವನು ಕುದುರೆಯ ಕಿವಿಯಲ್ಲಿ ಮಂತ್ರ ಹೇಳುತ್ತಾನೆ ಎಂದು ಸುದ್ದಿ ಹಬ್ಬಿತು.

"ಏನ ಮಂತ್ರ ಐತೋ ಅದು? ನಮಗೂ ಹೇಳು."

"ಏನೂ ಇಲ್ರಿ. ಸುಮ್ಮ ನಿಂತಿರತೇನ್ರಿ."

ಯಾರೂ ನಂಬಲಿಲ್ಲ. ಎಲ್ಲ ಕಡೆಯೂ ಅವನು ಕಂಡದ್ದು ಓಟದ ಮೊದಲ ಗಳಿಗೆ ಮಾತ್ರ. ನಾಲ್ಕು ತಾಲೂಕಿನ ಬಯಲುಗಳನ್ನು ಅವನು ಹಾಗೆಯೇ ಗುರುತಿಡುತ್ತಿದ್ದ, ಜನ ಹೋದ ಮೇಲೆ ಹೇಗಿರುತ್ತವೆ ಎಂಬುದರಿಂದ.

೧೯೭೫ರ ಸಂಕ್ರಾಂತಿ ಕಳೆದ ಮೇಲೆ ಕೇರಿಯ ಜನ ಸಭೆ ಸೇರಿದರು. ಸೇರಿಸಿದವನು ಪರಪ್ಪ. ಕೇರಿಯ ತಾಯವ್ವನ ಮಗ, ಧಾರವಾಡದಲ್ಲಿ ಓದಿ ಸಾಲಿ ಮಾಸ್ತರನಾಗಿದ್ದ. ತನ್ನ ಮನೆಯ ಗೋಡೆಗೆ ಬುದ್ಧನ ಪಟ, ಬಾಬಾಸಾಹೇಬರ ಪಟ ಹಾಕಿದ್ದ. ಅವನು ದನಿ ಎತ್ತದೆ ಮಾತಾಡಿದ.

"ಸತ್ತ ದನಾ ನಾವು ಎಳಿಬೇಕು, ಹೆಣದ ಮುಂದ ಹಲಗಿ ನಾವು ಬಾರಸಬೇಕು. ಆದ್ರ ಅವರ ಬಾವಿ ಕಟ್ಟಿ ಮಾತ್ರ ನಾವು ಹತ್ತಬಾರದು. ಇವತ್ತಿಗೆ ಸಾಕು. ನಾಳಿಂದ ಈ ಕೇರಿ ಹಲಗಿ ಊರಿಗೆ ಕೇಳಸಬಾರದು. ಒಪ್ಪಿಗಿ ಇದ್ದವರು ಕೈ ಎತ್ರಿ."

ಎಲ್ಲರೂ ಎತ್ತಿದರು. ಲಗಮಣ್ಣನೂ ಎತ್ತಿದ. ಒತ್ತಾಯಕ್ಕೆ ಎತ್ತಿದ್ದಲ್ಲ. ಹಿತ್ತಲಲ್ಲಿ ಎಲೆಯ ಮುಂದೆ ಕೂತ ಮಧ್ಯಾಹ್ನಗಳೆಲ್ಲ ಆ ಕೈಯಲ್ಲಿದ್ದವು. ಆಮೇಲೆ ಮೆಲ್ಲಗೆ ಕೇಳಿದ: "ಪರಪ್ಪಾ, ಕುದುರಿ ಮುಂದ ಬಾರಸೂದೂ ಬಿಡಬೇಕೇನಪಾ?"

"ಕುದುರಿ ಯಾರದು ಕಾಕಾ?"

"ಸಾವಕಾರ್ರದು."

"ಮತ್ತ?"

ಲಗಮಣ್ಣ ಹೇಳಿದ: "ಅದಕ್ಕ ತಾನು ಸಾವಕಾರ್ರ ಕುದುರಿ ಅನ್ನೂದು ಗೊತ್ತಿಲ್ಲಪಾ."

ಯಾರೋ ನಕ್ಕರು. ಪರಪ್ಪ ನಗಲಿಲ್ಲ. "ಖರೆ ಐತಿ ಕಾಕಾ. ಆದ್ರ ನಿಮ್ಮ ಹಲಗಿ ಸಪ್ಪಳ ವಾಡೇದಾಗಿಂದ ಬಂತಂದ್ರ, ಊರವರು ಏನ ತಿಳಕೋತಾರ? ಕೇರಿ ಮಾತ ಮುರೀತು ಅಂತಾರ."

ಲಗಮಣ್ಣ ಮನೆಗೆ ಹೋಗಿ ಹಲಗಿ ತಂದು ಕೊಟ್ಟ. ಒಟ್ಟು ಹನ್ನೊಂದು ಹಲಗಿ. ಎಲ್ಲವನ್ನೂ ಒಂದು ಹಗ್ಗದಲ್ಲಿ ಪೋಣಿಸಿ ತಾಯವ್ವನ ಮನೆಯ ಅಟ್ಟದ ಮೇಲಿಟ್ಟರು.

ಊರವರು ಕೇರಿಯವರನ್ನು ಹೊಲದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಕಿರಾಣಿ ಅಂಗಡಿಯವನು ಸಾಮಾನು ಕೊಡಲಿಲ್ಲ, ಬಾವಿಯಿಂದ ಸೇದಿ ಹಾಕುತ್ತಿದ್ದ ನೀರೂ ನಿಂತಿತು. ಹೆಂಗಸರು ಒಂದು ಮೈಲಿ ನಡೆದು ಹಳ್ಳದ ಮರಳಿನಲ್ಲಿ ಗುಂಡಿ ತೋಡಿ, ಬೊಗಸೆ ಬೊಗಸೆ ನೀರು ಮೊಗೆದು ತರುತ್ತಿದ್ದರು. ಲಗಮಣ್ಣ ಆ ಕಷ್ಟವನ್ನು ಎಲ್ಲರ ಹಾಗೆ ಪಟ್ಟ. ಅವನಿಗಿದ್ದ ಇನ್ನೊಂದು ಕಷ್ಟ ಮಾತ್ರ ಯಾರಿಗೂ ಹೇಳುವಂಥದಲ್ಲ.

ರಾಮದುರ್ಗದ ಶರ್ಯತ್ತು ಹತ್ತಿರ ಬರುತ್ತಿತ್ತು. ಸಾಹುಕಾರ ಬೇರೆ ಊರಿನಿಂದ ಇಬ್ಬರು ಹಲಗಿಯವರನ್ನು ಕರೆಸಿದ. ತಬೇಲಾದಲ್ಲಿ ಬಾರಿಸುವುದು ಕೇರಿಗೆ ಕೇಳುತ್ತಿತ್ತು. ಲಗಮಣ್ಣ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದ. ಕಾಯಿಸಿದ ಹಲಗಿ, ಎರಡು ಒಟ್ಟಿಗೆ, ಬೆಳಗಿನಿಂದ ಒಂದೇ ಸಮ. ನಡುವೆ ನಿಲ್ಲುತ್ತಲೇ ಇರಲಿಲ್ಲ. ಅವಳು ತಲೆ ಎತ್ತಿದಾಗ ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತಿಲ್ಲ. ಅವಳು ಇವತ್ತು ಹುರುಳಿ ಮುಟ್ಟಿಲ್ಲ ಎಂದು ಅವನಿಗೆ ಆ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. ಮೂರನೆಯ ದಿನ ತಡೆಯಲಾಗದೆ ಎದ್ದು ವಾಡೆಯ ಬಾಗಿಲಿಗೆ ಹೋಗಿ ನಿಂತ.

ಸಾಹುಕಾರ ಹೊರಗೆ ಬಂದ. "ಹಲಗಿ ಎಲ್ಲೋ?"

"ಹಲಗಿ ಬ್ಯಾಡ್ರಿ. ನಾ ಬರೇ ಆಕಿ ಬಾಜೂ ನಿಂದರತೇನ್ರಿ."

"ಹಲಗಿ ತಂದ್ರ ಒಳಗ ಬಾ. ನಿನಗೊಬ್ಬಂಗ ಕೆಲಸಾನೂ ಕೊಡತೇನಿ, ನೀರೂ ಕೊಡತೇನಿ. ಇಲ್ಲಂದ್ರ ನಡಿ."

ಒಳಗಿನಿಂದ ಸಾರಂಗಿ ಗೊರಸು ಬಡಿಯುವುದು ಕೇಳಿಸಿತು. ಲಗಮಣ್ಣ ಕೈ ಮುಗಿದು ಹಿಂದಿರುಗಿದ.

ಅವನು ವಾಡೆಯ ಮುಂದೆ ನಿಂತದ್ದನ್ನು ಕೇರಿಯವರು ನೋಡಿದ್ದರು. ಸಂಜೆ ಪರಪ್ಪ ಬಂದು ಕೇಳಿದ: "ಕಾಕಾ, ಯಾಕ ಹೋಗಿದ್ರಿ?" ಲಗಮಣ್ಣನ ಬಳಿ ಇದ್ದ ಉತ್ತರ ಒಂದು ಕುದುರೆಯದು. ಹಳ್ಳದಿಂದ ನೀರು ಹೊತ್ತು ಹೊತ್ತು ಹೆಂಗಸರ ನೆತ್ತಿ ಹುಣ್ಣಾಗಿರುವಾಗ ಅದನ್ನು ಹೇಳಲು ಬಾಯಿ ಬರಲಿಲ್ಲ. "ಸುಮ್ಮ ಹೋಗಿದ್ನೆಪಾ" ಎಂದ. ಮರುದಿನದಿಂದ ಕೇರಿಯಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಪಕ್ಕದ ಮನೆಯವಳು ಕೂಡ ಒಲೆಗೆ ಕೆಂಡ ಕೇಳಲು ಹೋದರೆ ಮುಖ ತಿರುಗಿಸಿದಳು.

ಶರ್ಯತ್ತಿನ ದಿನ ಮಗಳನ್ನು ನೋಡುವ ನೆಪ ಮಾಡಿ ಬಸ್ಸು ಹತ್ತಿದ. ರಾಮದುರ್ಗದಲ್ಲಿ ಇಳಿದವನು ಮಗಳ ಮನೆಗೆ ಹೋಗಲಿಲ್ಲ, ನೇರ ಬಯಲಿಗೆ ಹೋದ. ಗಾಡಿಗಳ ಸಾಲಿನ ನಡುವೆ ಸಾರಂಗಿ ಇದ್ದಳು. ಎಲುಬು ಕಾಣುತ್ತಿದ್ದವು. ಎದೆಯಿಂದ ಬೆವರು ಹನಿಯುತ್ತಿತ್ತು, ಬಾಯಲ್ಲಿ ನೊರೆ. ಇಬ್ಬರು ಎರಡು ಕಡೆ ಹಗ್ಗ ಜಗ್ಗಿ ಹಿಡಿದಿದ್ದರು. ದೂರ ನಿಂತಿದ್ದ ಶಟ್ಟೆಪ್ಪ ಅವನನ್ನು ಕಂಡ ಕೂಡಲೇ ಓಡಿ ಬಂದ.

"ಲಗಮಣ್ಣಾ, ಚಲೋ ಆತು ಬಂದಿ. ಕೈ ಹಚ್ಚಪಾ, ನನ್ನ ಕೈಲಿ ಆಗವಲ್ದು."

ಲಗಮಣ್ಣ ಅಲ್ಲೇ ನಿಂತು ಮೊದಲು ತನ್ನ ಉಸಿರು ಸರಿಮಾಡಿಕೊಂಡ. ಹಗ್ಗ ಹಿಡಿದವರಿಗೆ ಬಿಡಲು ಹೇಳಿ ಎಡಭುಜದ ಬಳಿ ಹೋದ. ಜೂಲಿನ ಬುಡದಲ್ಲಿ ಕೈ ಇಟ್ಟ. ಅವಳ ಎದೆಬಡಿತ ಅಂಗೈಗೆ ಬಡಿಯುತ್ತಿತ್ತು. ಬಹಳ ಹೊತ್ತು ನಿಂತ. ಅವಳು ಮೂತಿಯನ್ನು ಅವನ ಕಂಕುಳಿಗೆ ಒತ್ತಿ ನಿಂತಳು. ತಿರುಗುವುದು ನಿಂತಿತು, ನಡುಕ ಮಾತ್ರ ನಿಲ್ಲಲಿಲ್ಲ. ನೋಡಿದವರು ಕುದುರೆ ಸುಧಾರಿಸಿತು ಎಂದರು. ಲಗಮಣ್ಣನಿಗೆ ಗೊತ್ತಿತ್ತು, ಕೈ ತೆಗೆದ ಗಳಿಗೆಗೆ ಅವಳು ಎಲ್ಲಿಗೆ ನೆಗೆಯುತ್ತಾಳೋ ಹೇಳಲಾಗುವುದಿಲ್ಲ. ಎರಡೂ ಕಡೆ ಜನ ತುಂಬಿದ್ದರು.

ಸಾಹುಕಾರ ಹತ್ತಿರ ಬಂದಾಗ ಹೇಳಿದ: "ಇವತ್ತ ಓಡಸಬ್ಯಾಡ್ರಿ ಸಾವಕಾರ್ರ."

"ಏನಂದಿ?"

"ಆಕಿ ಇವತ್ತ ಓಡಾಕಿ ಅಲ್ರಿ. ಓಡಿಸಿದ್ರ ಯಾರರೆ ಸಾಯತಾರ್ರಿ. ಇಲ್ಲಾ ಆಕಿ ಸಾಯತಾಳ್ರಿ."

"ಓಡಸಬ್ಯಾಡ ಅನ್ನಾಕ ನೀ ಯಾರೋ? ಕುದುರಿ ನಿಂದೋ ನಂದೋ?" ಸಾಹುಕಾರ ಶಟ್ಟೆಪ್ಪನ ಕಡೆ ತಿರುಗಿದ. "ಹತ್ತೋ ಗಾಡಿ."

ಶಟ್ಟೆಪ್ಪ ಲಗಮಣ್ಣನ ಮುಖ ನೋಡಿದ, ಕುದುರೆಯ ಕಣ್ಣು ನೋಡಿದ. ಚಾಬೂಕನ್ನು ಗಾಡಿಯ ಮೇಲಿಟ್ಟ. "ನಾ ಹತ್ತೂದಿಲ್ರಿ. ಮನ್ಯಾಗ ಮಕ್ಕಳದಾವ್ರಿ ನನಗ. ಲಗಮಣ್ಣ ಬ್ಯಾಡ ಅಂದ ಮ್ಯಾಲ ನಾ ಹತ್ತಾಂವಲ್ಲ."

ಇಡೀ ಬಯಲು ನೋಡುತ್ತಿತ್ತು. ಸಾಹುಕಾರನ ಮುಖ ಕಪ್ಪಿಟ್ಟಿತು. "ಹಂಗಾರ ನೀನ ನಡಿಸಿಕೊಂಡ ಹೋಗು ಊರಿಗೆ," ಎಂದು ಲಗಮಣ್ಣನಿಗೆ ಹೇಳಿ, ತನ್ನ ಜೀಪಿನ ಕಡೆ ನಡೆದುಬಿಟ್ಟ.

ಅವನು ಸಾರಂಗಿಯನ್ನು ಗಾಡಿಯಿಂದ ಬಿಚ್ಚಿ, ಜನರ ನಡುವಿನಿಂದ ಹೊರಗೆ ತಂದ. ಹಿಂದೆ ಹಲಗಿಗಳು ಎದ್ದವು, ಕೂಗು ಎದ್ದಿತು. ಈ ಸಲ ಜನರೆಲ್ಲ ಒಂದು ಕಡೆ ಓಡಿದರೆ ಅವರಿಬ್ಬರು ಇನ್ನೊಂದು ಕಡೆ ನಡೆದರು. ಕಟಕೋಳದ ಹಾದಿಯಲ್ಲಿ ಎರಡು ದಿನದ ನಡಿಗೆ. ಅವಳ ಕೊರಳಿಗೆ ಹಗ್ಗವಿತ್ತು, ಅವನು ಅದನ್ನು ಹಿಡಿದಿರಲಿಲ್ಲ. ಒಂದು ತೋಟದವರು ಬಾವಿಯ ನೀರು ಕೊಟ್ಟರು, ಕಣಿಕೆ ಕೊಟ್ಟರು. ಮೊದಲ ದಿನ ಸಂಜೆಯ ಹೊತ್ತಿಗೆ ನಡುಕ ನಿಂತಿತು. ಎರಡನೆಯ ದಿನ ಬೆಳಿಗ್ಗೆ ಹಾದಿಯ ಬದಿಯ ಹುಲ್ಲಿಗೆ ಬಾಯಿ ಹಾಕಿದಳು. ಲಗಮಣ್ಣ ಮಾತಾಡುತ್ತ ನಡೆದ. ಕೃಷ್ಣವ್ವನ ಜ್ವರದ ಐದು ದಿನ, ಸವದತ್ತಿಯ ಬಿಳಿ ಕುದುರೆ, ಹೆಚ್ಚಿಗೆ ಬಿದ್ದ ಆ ಎರಡು ಏಟು, ಮನುಷ್ಯರ ಮುಂದೆ ಹೇಳದೆ ಉಳಿದದ್ದನ್ನೆಲ್ಲ ಹೇಳಿದ. ಕರಿಮಡ್ಡಿಯ ಅಗಸಿ ಕಂಡಾಗ ಅವನಿಗೆ ಹಾದಿ ಇನ್ನೂ ಇರಬೇಕಿತ್ತು ಅನ್ನಿಸಿತು.

ಕೇರಿಯ ಮುಂದೆ ಹಾಯುವಾಗ ಪರಪ್ಪ ಎದುರಿಗೆ ಬಂದ. ಬಯಲಿನಲ್ಲಿ ನಡೆದದ್ದು ಅವನಿಗೆ ಮೊದಲೇ ಮುಟ್ಟಿತ್ತು. ಕುದುರೆಯನ್ನು ನೋಡಿದ, ಧೂಳು ಹಿಡಿದ ಲಗಮಣ್ಣನ ಕಾಲು ನೋಡಿದ. ಒಳಗೆ ಹೋಗಿ, ತಾಯವ್ವ ಹಳ್ಳದಿಂದ ಹೊತ್ತು ತಂದಿದ್ದ ಕೊಡವನ್ನು ಎತ್ತಿಕೊಂಡು ಬಂದು ಕಬ್ಬಿಣದ ಬುಟ್ಟಿಗೆ ಸುರಿದ.

"ಕುಡಸ್ರಿ ಕಾಕಾ."

"ನಿಮಗ ಬೇಕಲ್ಲೋ ನೀರು."

"ಅದಕ್ಕೇನ ಗೊತ್ತೈತಿ, ಕುಡೀಲಿ," ಎಂದು ಪರಪ್ಪ ಸಾರಂಗಿ ಕುಡಿಯುವುದನ್ನೇ ನೋಡುತ್ತ ನಿಂತ. ಆಮೇಲೆ ಒಂದು ಚಂಬು ತಂದು ಲಗಮಣ್ಣನ ಕೈಗೂ ಕೊಟ್ಟ. ಮುಂದೆ ಕೇರಿಯವರು ಮೊದಲಿನ ಹಾಗೆ ಮಾತಾಡಿಸಿದರು. ಬೇಸಿಗೆ ಮುಗಿಯುವುದರೊಳಗೆ ಊರೂ ಕೇರಿಯೂ ಒಂದು ರಾಜಿಗೆ ಬಂದು, ಕೆಲಸವೂ ನೀರೂ ಮತ್ತೆ ಸಿಗತೊಡಗಿದವು. ಹಲಗಿ ಅಟ್ಟದಿಂದ ಕೆಳಗಿಳಿಯಲಿಲ್ಲ.

ತಿಂಗಳೊಳಗೆ ಸಾಹುಕಾರ ಸಾರಂಗಿಯನ್ನು ಮಿರಜದ ಕಡೆಯ ವ್ಯಾಪಾರಿಗೆ ಮಾರಿದ. ಲಾರಿಗೆ ಹತ್ತಿಸುವಾಗ ಲಗಮಣ್ಣನನ್ನು ಕರೆಯಲಿಲ್ಲ. ಅವನು ಮುನವಳ್ಳಿಯ ಸಂತೆಗೆ ಹೋಗಿದ್ದ. ಬಂದಾಗ ತಬೇಲಾದಲ್ಲಿ ಎತ್ತು ಕಟ್ಟಿದ್ದರು. ಹೊಸ ಮಾಲೀಕ ಯಾರು, ಅವನು ಅವಳನ್ನು ಏನು ಮಾಡಿದ ಎನ್ನುವುದು ಕೊನೆಯವರೆಗೂ ತಿಳಿಯಲಿಲ್ಲ. ಒಂದು ವಾರ ಅವನು ಹುಣಸೆಮರದ ಕಡೆಯ ಹಾದಿ ತುಳಿಯಲಿಲ್ಲ. ಆಮೇ‌ಲೆ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ತಾಯವ್ವನಿಗೆ ಕೊಟ್ಟು ಬೈಲಹೊಂಗಲಕ್ಕೆ ಹೋದ.

ಬೈಲಹೊಂಗಲದ ಬಸ್ ನಿಲ್ದಾಣದ ಹೊರಗೆ ಆಗ ಹದಿನೈದು ಟಾಂಗಾ ನಿಲ್ಲುತ್ತಿದ್ದವು. ಮೋದಿನಸಾಬ ಎಂಬ ಟಾಂಗಾದವನಿಗೆ ಲಗಮಣ್ಣನ ಹೆಸರು ಶರ್ಯತ್ತಿನ ಕಾಲದಿಂದ ಗೊತ್ತಿತ್ತು. ಅವನ ಕುದುರೆ ಬಸ್ಸಿನ ಹಾರ್ನು ಕೇಳಿದರೆ ಬೆಚ್ಚಿ ಓಡುತ್ತಿತ್ತು. "ಇದನ್ನೊಂದ ಸುಧಾರಿಸಿ ಕೊಡಪಾ," ಎಂದು ಟಾಂಗಾ ನಿಲ್ಲಿಸುವ ತಗಡಿನ ಕೆಳಗೆ ಇರಲು ಜಾಗ ಕೊಟ್ಟ. ಲಗಮಣ್ಣ ಹಳೆಯ ಲಾರಿಯಿಂದ ಬಿಚ್ಚಿದ, ರಬ್ಬರ್ ಗುಂಡಿನ ಒಂದು ಹಾರ್ನು ಸಂಪಾದಿಸಿದ. ಅದರ ಬಾಯಿಗೆ ಅರಿವೆ ತುರುಕಿ, ಕುದುರೆ ಮೇಯುವಾಗ ದೂರದಲ್ಲಿ ಕೂತು ಮೆಲ್ಲಗೆ ಒತ್ತಿದ. ನೋಡಿದವರು ನಗುತ್ತಿದ್ದರು. ಎರಡು ತಿಂಗಳಲ್ಲಿ ಆ ಕುದುರೆ ಬಸ್ಸಿನ ಬದಿಯಲ್ಲೇ ನಿಂತು ನಿದ್ದೆ ಮಾಡತೊಡಗಿತು. ಆಮೇಲೆ ಒಂದೊಂದಾಗಿ ಉಳಿದವರೂ ತಮ್ಮ ಕುದುರೆ ತಂದರು. ಟಾಂಗಾದವರು ತಮ್ಮತಮ್ಮಲ್ಲಿ ಶರ್ಯತ್ತು ಇಟ್ಟುಕೊಂಡಾಗ ಎಲ್ಲ ಕುದುರೆಗಳೂ ಅವನ ಕೈಯಲ್ಲಿ ಪಳಗಿದವೇ ಆಗಿರುತ್ತಿದ್ದವು. ಯಾರ ಪಕ್ಕ ನಿಲ್ಲಬೇಕೋ ತಿಳಿಯದೆ ಅವನು ನೋಡಲು ಹೋಗುತ್ತಲೇ ಇರಲಿಲ್ಲ.

ಸಂಜೆ ಟಾಂಗಾದವರು ಮನೆಗೆ ಹೋದ ಮೇಲೆ ತಗಡಿನ ಕೆಳಗೆ ಅವನೊಬ್ಬನೇ. ೧೯೭೮ರ ಚಳಿಗಾಲದಲ್ಲಿ ಸುಂದರವ್ವ ಬಂದಳು. ಅಪ್ಪನ ಕಂಬಳಿ, ಕರಿ ಹಿಡಿದ ಗಡಿಗೆ ನೋಡಿ ಅವಳ ಕಣ್ಣು ತುಂಬಿತು.

"ಯಪ್ಪಾ, ನನ ಮನಿಗೆ ಬಾ. ನಾವೆಲ್ಲಾ ಇಲ್ಲೇನ? ಒಬ್ಬನ ಎಷ್ಟ ದಿನಾ ಇರತಿ?"

ಅವನು ಹೋದ. ಮಗ್ಗದ ಸಪ್ಪಳ, ಇಬ್ಬರು ಮೊಮ್ಮಕ್ಕಳು, ಹೊತ್ತು ಹೊತ್ತಿಗೆ ರೊಟ್ಟಿ. ಎಲ್ಲರೂ ಮಾತಾಡಿಸುತ್ತಿದ್ದರು. ಏನು ಉತ್ತರ ಕೊಡಬೇಕೆಂದು ಯೋಚಿಸುವಷ್ಟರಲ್ಲಿ ಅವರು ಇನ್ನೊಂದು ಮಾತಿಗೆ ಹೋಗಿರುತ್ತಿದ್ದರು. ಅವನ ನಿಧಾನ ಆ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಎಂಟನೆಯ ದಿನ ಮಗಳಿಗೆ ಹೇಳಿದ: "ಹೋಗಿ ಬರತೇನಿ ಯವ್ವಾ. ಸಿಟ್ಟಾಗಬ್ಯಾಡ."

"ಅಲ್ಲಿ ಯಾರದಾರ ನಿನಗ?"

"ಯಾರೂ ಇಲ್ಲವಾ. ಆದ್ರ ಅಲ್ಲಿ ಇರಾಕ ಬರತೈತಿ ನನಗ."

ಸುಂದರವ್ವ ಅತ್ತಳು. ಬುತ್ತಿ ಕಟ್ಟಿಕೊಟ್ಟು ಬಸ್ಸಿನ ತನಕ ಬಂದಳು.

ಬೈಲಹೊಂಗಲದಲ್ಲಿ ಅವನು ಇಳಿದಾಗ ಮಧ್ಯಾಹ್ನ. ಮೋದಿನಸಾಬ ಅವನಿಗಾಗಿಯೇ ಕಾಯುತ್ತಿದ್ದ. ಯಾರೋ ಹೊಸದಾಗಿ ತಂದ ಬೂದುಬಣ್ಣದ ಒಂದು ಗಂಡು ಕುದುರೆ ಗೂಟದ ಹಗ್ಗ ಜಗ್ಗುತ್ತ, ಗೋಡೆಗೆ ಮೈ ಒತ್ತಿ ನಿಂತಿತ್ತು. ಮೂರು ದಿನದಿಂದ ಯಾರನ್ನೂ ಹತ್ತಿರ ಬಿಟ್ಟಿಲ್ಲವಂತೆ. ಲಗಮಣ್ಣ ಬುತ್ತಿಯ ಗಂಟು ಕೆಳಗಿಟ್ಟ. ಕುದುರೆಯ ಕಡೆ ನೋಡದೆ, ಅದಕ್ಕೆ ತನ್ನ ಮಗ್ಗುಲು ಕಾಣುವ ಹಾಗೆ, ಮೂವತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೂತುಕೊಂಡ. ಮೋದಿನಸಾಬನಿಗೆ ಹೋಗಲು ಕೈಸನ್ನೆ ಮಾಡಿದ. ಮಗಳು ಕಟ್ಟಿದ ರೊಟ್ಟಿ ಬಿಚ್ಚಿ, ಅವಸರವಿಲ್ಲದೆ ಉಣ್ಣತೊಡಗಿದ.